ಒಂದೇ ಗೂಟದ ಎರಡು ಚೀಲಗಳು

ನಮ್ಮೂರ ಮನೆಯ ಪಡಸಾಲೆಯಲ್ಲಿ ಒಂದು ಗೂಟ ಇದೆ. ಜಾಲಿ ಕಟ್ಟಿಗೆಯದು. ಮೂರು ತಲೆಮಾರಿನ ಕೈ ತಾಗಿ ಕಪ್ಪಗೆ, ನುಣ್ಣಗೆ ಆಗಿದೆ. ನಾನು ಸಣ್ಣವನಿದ್ದಾಗ ಅದಕ್ಕೆ ಎರಡು ಚೀಲ ತೂಗುಹಾಕಿರುತ್ತಿದ್ದರು. ಒಂದು ಅಜ್ಜನದು, ತೊಗಲಿನದು. ಇನ್ನೊಂದು ಅಜ್ಜಿಯದು, ಬಟ್ಟೆಯದು.

ಅಜ್ಜನ ಚೀಲವನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಅದರೊಳಗೆ ಕತ್ತಿ ಇರುತ್ತಿತ್ತು. ಬೆಳಿಗ್ಗೆ ಅಜ್ಜ ಅದನ್ನು ಇಳಿಸಿ, ಕಟ್ಟೆಯ ಮೇಲೆ ಕೂತು, ದಾರ ಬಿಚ್ಚಿ, ಉದ್ದಕ್ಕೆ ಹಾಸುತ್ತಿದ್ದ. ಒಳಗೆ ಸಾಲಾಗಿ ಹೊಲಿದ ಖಾನೆಗಳು. ಒಂದರಲ್ಲಿ ಮಡಿಸುವ ಕತ್ತಿ. ಪಕ್ಕದಲ್ಲಿ ಕತ್ತರಿ, ಅದರ ಪಕ್ಕ ಹಣಿಗೆ. ಸಣ್ಣ ಖಾನೆಯಲ್ಲಿ ಉಗುರು ತೆಗೆಯುವ ಕತ್ತಿ, ಮುಳ್ಳು ಕೀಳುವ ಚಿಮಟ. ಒಂದು ಅಂಗೈ ಅಗಲದ ಕನ್ನಡಿ, ಅದರ ಹಿಂದಿನ ತಗಡು ತುಕ್ಕು ಹಿಡಿದಿತ್ತು. ತಳದಲ್ಲಿ ಸಾಣೆಕಲ್ಲು, ಒಂದು ಹಿತ್ತಾಳೆ ಬಟ್ಟಲು, ಪಟಿಕದ ಗಡ್ಡೆ. ಕತ್ತಿಯನ್ನು ಮೊದಲು ಕಲ್ಲಿಗೆ ಹಚ್ಚಿ, ಆಮೇಲೆ ತೊಗಲಿನ ಪಟ್ಟಿಗೆ ಎಳೆದು, ಕೊನೆಗೆ ತನ್ನ ಮುಂಗೈಯ ಕೂದಲ ಮೇಲೆ ಆಡಿಸಿ ನೋಡುತ್ತಿದ್ದ. ಅವನ ಎಡ ಮುಂಗೈಯಲ್ಲಿ ಕೂದಲೇ ಇರಲಿಲ್ಲ.

ಅಜ್ಜಿಯ ಚೀಲ ಗುಳೇದಗುಡ್ಡದ ಖಣದ ತುಂಡುಗಳಿಂದ ಹೊಲಿದದ್ದು. ಅದಕ್ಕೂ ಖಾನೆಗಳು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಕಾಚು, ಒಂದರಲ್ಲಿ ಸುಣ್ಣದ ಡಬ್ಬಿ. ಬಾಯಿಗೆ ದಾರ. ಎಳೆದರೆ ಮುಚ್ಚಿಕೊಳ್ಳುತ್ತದೆ. ಅದನ್ನು ಮುಟ್ಟಲು ನಮಗೆ ಅಡ್ಡಿಯಿರಲಿಲ್ಲ. ಅಡಿಕೆಯ ಜೊತೆ ಆಗಾಗ ಒಂದು ಬೆಲ್ಲದ ಚೂರೂ ಸಿಗುತ್ತಿತ್ತು.

ಅಜ್ಜನ ಚೀಲಕ್ಕೆ ಹಡಪ ಅನ್ನುತ್ತಿದ್ದರು. ಅಜ್ಜಿಯದಕ್ಕೆ ಸಂಚಿ. ನಮ್ಮ ಅಡ್ಡಹೆಸರು ಹಡಪದ.

ಅಡ್ಡಹೆಸರು ಅಂದರೆ ನಮ್ಮ ಕಡೆ ಮನೆತನದ ಹೆಸರು. ಬೆಂಗಳೂರಿನ ಗೆಳೆಯರು ಈ ಪದ ಕೇಳಿದಾಗ ಕೀಟಲೆಗೆ ಇಟ್ಟ ಹೆಸರು ಅಂದುಕೊಳ್ಳುತ್ತಾರೆ. ಅದಲ್ಲ. ಹುನಗುಂದ, ಬಾದಾಮಿ, ಮುದ್ದೇಬಿಹಾಳ ಕಡೆ ಯಾರನ್ನೇ ಹೆಸರು ಕೇಳಿ, ಅವರು ಹೆಸರು ಹೇಳಿದ ಮೇಲೆ ಮುಂದಿನ ಪ್ರಶ್ನೆ ಇದೇ: ಅಡ್ಡಹೆಸರೇನು? ಹಳೇ ಮೈಸೂರಿನ ಕಡೆ ಹೆಸರಿನ ಹಿಂದೆ ಊರಿನದೋ ಅಪ್ಪನದೋ ಒಂದೆರಡು ಅಕ್ಷರ ಅಂಟಿಸಿದರೆ ಸಾಕು. ನಮ್ಮಲ್ಲಿ ಹಾಗಾಗುವುದಿಲ್ಲ. ನಮ್ಮ ಸೀಮೆ ಬಹಳ ಕಾಲ ಮುಂಬೈ ಪ್ರಾಂತ್ಯದಲ್ಲಿತ್ತು. ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು ಅನ್ನುವ ಕ್ರಮ ಅಲ್ಲಿನ ಶಾಲೆಯ ಹಾಜರಿ ಪುಸ್ತಕದಿಂದ, ಕಂದಾಯದ ಕಡತದಿಂದ ನಮಗೂ ಬಂತು.

ನನ್ನ ಕ್ಲಾಸಿನ ಹಾಜರಿಯನ್ನು ಈಗಲೂ ಒಂದೇ ಉಸಿರಿಗೆ ಹೇಳಬಲ್ಲೆ. ಅಂಬಿಗೇರ, ಬಡಿಗೇರ, ಬಣಗಾರ, ಚಿತ್ರಗಾರ, ಗಾಣಿಗೇರ, ಹಡಪದ, ಹೂಗಾರ, ಕಮ್ಮಾರ, ಕುಂಬಾರ, ಕುಲಕರ್ಣಿ, ಮಡಿವಾಳರ, ಮೇಟಿ, ನದಾಫ, ನಾಲಬಂದ, ಪತ್ತಾರ, ಪಾಟೀಲ, ತಳವಾರ, ವಾಲೀಕಾರ. ಮಾಸ್ತರು ಹಾಜರಿ ಕೂಗಿದರೆ ಒಂದು ಇಡೀ ಹಳ್ಳಿ ಎದ್ದು ನಿಂತ ಹಾಗೆ. ದೋಣಿ ನಡೆಸುವವರು, ಮರ ಕೆತ್ತುವವರು, ಎಣ್ಣೆ ತೆಗೆಯುವವರು, ಚಿನ್ನ ಕಾಯಿಸುವವರು, ಹತ್ತಿ ಹಿಂಜುವವರು, ಊರು ಕಾಯುವವರು. ನಾಲಬಂದ ಅಂದರೆ ಕುದುರೆಗೆ ಲಾಳ ಹೊಡೆಯುವವರು. ನಮ್ಮೂರಲ್ಲಿ ನಾನು ಕುದುರೆ ನೋಡಿದ್ದು ಜಾತ್ರೆಯಲ್ಲಿ ಮಾತ್ರ. ಕುದುರೆ ಹೋಗಿ ಎಷ್ಟೋ ಕಾಲ ಆಗಿದೆ, ಲಾಳ ಉಳಿದಿದೆ.

ಈ ಸಾಲಿನಲ್ಲಿ ನನ್ನ ಹೆಸರು ಸ್ವಲ್ಪ ಬೇರೆ ಅಂತ ಹೊಳೆದದ್ದು ಹೈಸ್ಕೂಲಿನ ವ್ಯಾಕರಣದ ಕ್ಲಾಸಿನಲ್ಲಿ. ಕಮ್ಮಾರ ಅಂದರೆ ಒಬ್ಬ ಮನುಷ್ಯ. ಕುಂಬಾರ, ಹೂಗಾರ ಅಂದರೂ ಮನುಷ್ಯ. ಹಡಪದ ಅಂದರೆ? ಹಡಪಕ್ಕೆ ಸೇರಿದ ಅಂತ. ಷಷ್ಠಿ ವಿಭಕ್ತಿ. ಮುಂದೆ ಒಂದು ಹೆಸರು ಬರಬೇಕು, ಬಂದಿಲ್ಲ. ಹಡಪದ ಯಾರು? ಹಡಪದ ಯಾವುದು? ವಾಕ್ಯ ಅರ್ಧಕ್ಕೇ ನಿಂತಿದೆ. ನಮ್ಮ ಹೆಸರು ನಮ್ಮದಲ್ಲ, ಚೀಲದ್ದು. ನಾವು ಆ ಚೀಲದವರು, ಅಷ್ಟೇ.

ಹಾಗಾದರೆ ಆ ಚೀಲ ಯಾವುದು?

ನಾನು ಬಹಳ ವರ್ಷ ಅದು ಅಜ್ಜನ ಚೀಲವೇ ಅಂದುಕೊಂಡಿದ್ದೆ. ಕತ್ತಿ, ಕತ್ತರಿ, ಕನ್ನಡಿಯ ಚೀಲ. ಕಾಲೇಜಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಸುಮ್ನೆ ನಿಘಂಟು ತೆಗೆದು ನೋಡಿದೆ. ಹಡಪ ಅನ್ನುವಲ್ಲಿ ಮೊದಲ ಅರ್ಥ ಎಲೆಯಡಿಕೆಯ ಚೀಲ. ಕ್ಷೌರದ ಸಾಮಾನಿನ ಚೀಲ ಅನ್ನುವುದು ಆಮೇಲೆ. ಲೈಬ್ರರಿಯ ಮೇಜಿನ ಮುಂದೆ ಕೂತಿದ್ದವನಿಗೆ ಪಡಸಾಲೆಯ ಗೂಟ ಕಣ್ಣ ಮುಂದೆ ಬಂತು. ಅಜ್ಜನ ಹಡಪ, ಅಜ್ಜಿಯ ಸಂಚಿ. ಎರಡಕ್ಕೂ ಒಂದೇ ಹೊಲಿಗೆ, ಒಂದೇ ಥರದ ಖಾನೆಗಳು. ನನ್ನ ಹೆಸರು ಮೊದಲು ಅಜ್ಜಿಯ ಚೀಲದ್ದಾಗಿತ್ತು!

ಹಡಪಕ್ಕೆ ಅಡಪ ಅನ್ನುವ ರೂಪವೂ ಇದೆ. ತೆಲುಗಿನಲ್ಲಿ ಅಡಪಮು, ತಮಿಳಿನಲ್ಲಿ ಅಡೈಪ್ಪಂ. ಆಂಧ್ರದಲ್ಲಿ ಅಡಪ ಅನ್ನುವ ಮನೆತನದ ಹೆಸರು ಇವತ್ತಿಗೂ ಇದೆ. ಅದು ಕ್ಷೌರದವರ ಹೆಸರಲ್ಲ. ಒಂದೇ ಮಾತು, ಅಲ್ಲಿ ಒಂದು ದಾರಿ ಹಿಡಿಯಿತು, ಇಲ್ಲಿ ಇನ್ನೊಂದು.

ಎಲೆಯಡಿಕೆಯ ಚೀಲ ಹಿಡಿಯುವುದು ಅಂದರೆ ಈಗ ಸಣ್ಣ ಕೆಲಸ ಅನಿಸಬಹುದು. ಆಗ ಹಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, 1126ರಿಂದ 1138ರವರೆಗೆ ಆಳಿದವನು, ತನ್ನ ಮಾನಸೋಲ್ಲಾಸದಲ್ಲಿ ರಾಜನ ಭೋಗಗಳ ಪೈಕಿ ತಾಂಬೂಲಕ್ಕೇ ಒಂದು ಜಾಗ ಕೊಟ್ಟಿದ್ದಾನೆ. ಯುದ್ಧಕ್ಕೆ ಕಳಿಸುವಾಗ ವೀಳ್ಯ. ಸಂಧಿಗೆ ವೀಳ್ಯ. ಬಂದ ಅತಿಥಿಗೆ ವೀಳ್ಯ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಾಗ ಎರಡನೇ ದೇವರಾಯನ ಆಸ್ಥಾನದಲ್ಲಿ ಅವನಿಗೆ ಕೊಟ್ಟದ್ದು ಎಲೆಯಡಿಕೆ, ಕರ್ಪೂರ ಮತ್ತು ಹಣದ ಚೀಲ. ಮುಂದಿನ ಶತಮಾನದಲ್ಲಿ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ವಿಜಯನಗರದ ನಾಯಕರ ಪಟ್ಟಿಯಲ್ಲಿ ಅಡಪನಾಯಕ ಅಂತ ಒಂದು ಹೆಸರಿದೆ. ಆ ಹೆಸರಿನಲ್ಲಿ ಇರುವುದು ನಮ್ಮ ಈ ಚೀಲವೇ ಅನ್ನುವುದು ನನ್ನ ನಂಬಿಕೆ.

ಯಾಕೆ ಅಷ್ಟು ದೊಡ್ಡ ಸ್ಥಾನ? ಯೋಚಿಸಿ ನೋಡಿ. ರಾಜನ ಊಟವನ್ನು ಹತ್ತು ಜನ ಮಾಡುತ್ತಾರೆ, ಇಬ್ಬರು ರುಚಿ ನೋಡುತ್ತಾರೆ. ಎಲೆ ಹಾಗಲ್ಲ. ಒಬ್ಬನೇ ಒರೆಸಿ, ತೊಟ್ಟು ಮುರಿದು, ಸುಣ್ಣ ಹಚ್ಚಿ, ಮಡಿಸಿ ಕೈಗೆ ಕೊಡುತ್ತಾನೆ. ಅದು ಸೀದಾ ಬಾಯಿಗೆ ಹೋಗುತ್ತದೆ. ಸುಣ್ಣದಲ್ಲಿ ಏನು ಬೆರೆಸಿದರೂ ತಿಳಿಯುವುದಿಲ್ಲ. ಅವನು ಸದಾ ಪಕ್ಕದಲ್ಲೇ ನಿಂತಿರಬೇಕು, ಆದ್ದರಿಂದ ಎಲ್ಲ ಗುಟ್ಟಿನ ಮಾತೂ ಅವನ ಕಿವಿಗೆ ಬೀಳುತ್ತದೆ. ಅಂಥ ಕೆಲಸಕ್ಕೆ ಯಾರನ್ನು ಇಡುತ್ತಾರೆ? ಪೂರ್ತಿ ನಂಬಿದವನನ್ನು.

ಈಗ ಅಜ್ಜನ ಚೀಲಕ್ಕೆ ಬನ್ನಿ. ಊರಿನ ಗೌಡ ಅಂಗಿ ಬಿಚ್ಚಿ, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ ಕೂತಿರುತ್ತಾನೆ. ಗಂಟಲ ಮೇಲೆ ಅಜ್ಜನ ಕತ್ತಿ. ಮನೆಯಲ್ಲಿ ಅಣ್ಣತಮ್ಮಂದಿರನ್ನೇ ನಂಬದ ಮನುಷ್ಯ ಅಲ್ಲಿ ನಿದ್ದೆ ಹೋಗುತ್ತಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ, ಗೊರಕೆ ಹೊಡೆಯುತ್ತಿದ್ದ. ಅಜ್ಜ ಹೇಳುತ್ತಿದ್ದ: "ಕತ್ತಿ ಹಿಡ್ಯಾಂವ ಮೊದಲ ತನ್ನ ಉಸರ ಹಿಡೀಬೇಕು."

ಒಬ್ಬ ಬಾಯಿಗೆ ಎಲೆ ಕೊಡುವವನು, ಇನ್ನೊಬ್ಬ ಕುತ್ತಿಗೆಗೆ ಕತ್ತಿ ಇಡುವವನು. ಇಬ್ಬರ ಚೀಲಕ್ಕೂ ಒಂದೇ ಹೆಸರು ಬಂದದ್ದು ಬರೀ ಖಾನೆಗಳ ಹೋಲಿಕೆಯಿಂದ ಅಂತ ನನಗೆ ಅನಿಸುವುದಿಲ್ಲ. ಇಬ್ಬರ ಕೈಗೂ ಜೀವ ಒಪ್ಪಿಸಿಯೇ ಕೂರಬೇಕು.

ಈ ಎರಡು ಚೀಲಗಳ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ. ಹಡಪದ ಅಪ್ಪಣ್ಣ.

ಹನ್ನೆರಡನೇ ಶತಮಾನದ ಶರಣ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನಿಗೆ ಎಲೆಯಡಿಕೆ ಕೊಡುವ ಕಾಯಕ ಅವನದು. ಬಸವಪ್ರಿಯ ಕೂಡಲಚೆನ್ನಬಸವಣ್ಣ ಅನ್ನುವ ಅಂಕಿತದಲ್ಲಿ ವಚನ ಬರೆದವನು. ಅವನ ಊರು ಬಸವನ ಬಾಗೇವಾಡಿಯ ಹತ್ತಿರದ ಮಸಬಿನಾಳ ಅನ್ನುತ್ತಾರೆ. ನಮ್ಮವರು ಅವನ ಜಯಂತಿಯನ್ನು ಆಷಾಢದ ಹುಣ್ಣಿಮೆಗೆ ಮಾಡುತ್ತಾರೆ.

ನಮ್ಮ ಮನೆಗಳಲ್ಲಿ ಹೇಳುವ ಕಥೆ ಹೀಗಿದೆ. ಅಪ್ಪಣ್ಣ ಕ್ಷೌರದವರ ಮನೆಯ ಹುಡುಗ. ಬೆಳಿಗ್ಗೆ ಎದ್ದು ಕ್ಷೌರದವನ ಮುಖ ನೋಡಿದರೆ ಆ ದಿನ ಕೆಟ್ಟಿತು ಅಂತ ಜನ ನಂಬುತ್ತಿದ್ದ ಕಾಲ. ಬಸವಣ್ಣ ಅವನನ್ನೇ ಕರೆದು ಮಹಾಮನೆಯ ಬಾಗಿಲಲ್ಲಿ ನಿಲ್ಲಿಸಿದ. ಹಡಪ ಅವನ ಕೈಗೆ ಕೊಟ್ಟ. ಬಸವಣ್ಣನನ್ನು ನೋಡಲು ಯಾರೇ ಬರಲಿ, ಎಷ್ಟೇ ದೊಡ್ಡವರಿರಲಿ, ಮೊದಲು ಅಪ್ಪಣ್ಣನ ಮುಖ ನೋಡಬೇಕು, ಅವನ ಕೈಯಿಂದ ಎಲೆ ತೆಗೆದುಕೊಳ್ಳಬೇಕು, ಆಮೇಲೆ ಒಳಗೆ.

ನನಗೆ ಈ ಕಥೆಯನ್ನು ಮೊದಲು ಹೇಳಿದ್ದು ಅಜ್ಜಿ. ಹೇಳುವಾಗ ಸಂಚಿ ಅವಳ ತೊಡೆಯ ಮೇಲಿರುತ್ತಿತ್ತು. ಎಲೆಯ ತೊಟ್ಟು ಮುರಿಯುತ್ತಾ ಹೇಳುತ್ತಿದ್ದಳು. "ಮೊದ್ಲು ಅಪ್ಪಣ್ಣನ ಮಾರಿ" ಅನ್ನುವ ಮಾತಿಗೆ ಬಂದಾಗ ಪ್ರತಿ ಸಲ ಕೈ ನಿಲ್ಲುತ್ತಿತ್ತು.

ಯಾಕೆ ನಿಲ್ಲುತ್ತಿತ್ತು ಅನ್ನುವುದು ಒಂದು ಬೆಳಿಗ್ಗೆ ನನಗೆ ಗೊತ್ತಾಯಿತು. ನನಗಾಗ ಎಂಟೋ ಒಂಬತ್ತೋ ವರ್ಷ. ಅಜ್ಜನ ಜೊತೆ ಹೊರಟಿದ್ದೆ, ಹಡಪ ಅಜ್ಜನ ಬಗಲಲ್ಲಿತ್ತು. ಎದುರಿಗೆ ಒಬ್ಬರು ಎತ್ತು ಹೊಡೆದುಕೊಂಡು ಸಂತೆಗೆ ಹೊರಟಿದ್ದರು. ಅಜ್ಜನನ್ನು ನೋಡಿದರು. ಏನೂ ಮಾತಾಡಲಿಲ್ಲ. ಎತ್ತು ತಿರುಗಿಸಿಕೊಂಡು ಮನೆಗೆ ಹೋದರು. ಕಾಲು ತೊಳೆದುಕೊಂಡು, ಸ್ವಲ್ಪ ಹೊತ್ತು ಕೂತು, ಮತ್ತೆ ಹೊರಡುತ್ತಾರಂತೆ. ಅಜ್ಜ ನನ್ನ ಕೈ ಹಿಡಿದು ಮನೆಗಳ ಹಿಂದಿನ ಸಂದಿಗೆ ಕರೆದುಕೊಂಡು ಹೋದ. ಆಮೇಲೆ ತಿಳಿಯಿತು, ಅಜ್ಜ ದಿನಾ ಹೋಗುವ ದಾರಿಯೇ ಅದು. ಅವತ್ತು ಮೊಮ್ಮಗ ಜೊತೆಗಿದ್ದಾನೆ ಅಂತ ಬೀದಿಯಲ್ಲಿ ಬಂದಿದ್ದ.

ಅದೇ ಮನೆಯಲ್ಲಿ ಮಗಳ ಮದುವೆ ಬಂತು. ಅಜ್ಜ ಇಲ್ಲದೆ ಮದುವೆ ಆಗುವ ಹಾಗಿಲ್ಲ. ಬೀಗರಿಗೆ ಕರೆ ಹೋಗಬೇಕು, ಮದುಮಗನ ಉಗುರು ತೆಗೆಯಬೇಕು, ಮೆರವಣಿಗೆಯ ಮುಂದೆ ದೀವಟಿಗೆ ಹಿಡಿಯಬೇಕು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳದ ಆಯ ಕೊಡುತ್ತಿದ್ದರು. ಆಯ ಅಂದರೆ ಊರಿನ ಕೆಲಸಗಾರರಿಗೆ ರೈತರು ರಾಶಿಯಿಂದ ಎತ್ತಿ ಕೊಡುವ ಪಾಲು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ ಎಲ್ಲರೂ ಆಯಗಾರರೇ. ಕೆಲಸಕ್ಕೆ ಕೂಲಿಯಿಲ್ಲ, ಕಾಸಿಲ್ಲ, ವರ್ಷದ ಕೊನೆಗೆ ಕಾಳು. ಮಳೆ ಹೋದ ವರ್ಷ ಅದೂ ಇಲ್ಲ.

ಅಜ್ಜಿಯ ಕೆಲಸಕ್ಕೆ ಆಯವೂ ಇರಲಿಲ್ಲ. ಅವಳು ಸೂಲಗಿತ್ತಿ. ನಡುರಾತ್ರಿ ಬಾಗಿಲು ಬಡಿದರೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ಹೆರಿಗೆಯಾದರೆ ಒಂದು ಸೀರೆ, ಒಂದು ಸೇರು ಅಕ್ಕಿ, ಒಂದು ಬಟ್ಟಲು ಎಣ್ಣೆ. ಅದೂ ಇದ್ದವರ ಮನೆಯಲ್ಲಿ. ಹುಟ್ಟಿದ ಕೂಸನ್ನು ಮೊದಲು ಹಿಡಿದ ಕೈ ಅವಳದು. ಆ ಕೂಸು ಮೊದಲು ನೋಡಿದ ಮುಖವೂ ಅವಳದೇ, ಅಲ್ವಾ? ಆ ಮುಖ ಕೆಟ್ಟದ್ದು ಹೇಗಾಗುತ್ತದೆ ಅಂತ ನಾನು ಈಗಲೂ ಕೇಳಿಕೊಳ್ಳುತ್ತೇನೆ.

ಅಪ್ಪಣ್ಣನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಅಪ್ಪಣ್ಣಪ್ರಿಯ ಚೆನ್ನಬಸವಣ್ಣ ಅನ್ನುವುದು ಅವಳ ಅಂಕಿತ. ಅವಳನ್ನು ಗುರುತಿಸುವುದು ಹಡಪದಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ ಅಂತ. ಚೀಲದಿಂದ ಗಂಡನಿಗೆ ಹೆಸರು, ಗಂಡನಿಂದ ಹೆಂಡತಿಗೆ ಹೆಸರು. ಆದರೆ ಅವಳ ಮಾತು ಮಾತ್ರ ಯಾರಿಂದ ಪಡೆದದ್ದೂ ಅಲ್ಲ, ಅವಳದೇ. ಮನಸ್ಸಿನ ಬಗ್ಗೆ ಅವಳಷ್ಟು ನೇರವಾಗಿ ಬರೆದವರು ಕಡಿಮೆ.

ಶರಣರ ಹೆಸರುಗಳನ್ನು ಒಂದು ಸಲ ಜೋರಾಗಿ ಹೇಳಿ ನೋಡಿ. ಮಡಿವಾಳ ಮಾಚಯ್ಯ. ಅಂಬಿಗರ ಚೌಡಯ್ಯ. ಮೇದಾರ ಕೇತಯ್ಯ. ನುಲಿಯ ಚಂದಯ್ಯ. ತುರುಗಾಹಿ ರಾಮಣ್ಣ. ಒಕ್ಕಲಿಗ ಮುದ್ದಣ್ಣ. ಕನ್ನಡಿ ಕಾಯಕದ ಅಮ್ಮಿದೇವಯ್ಯ. ಈ ಕನ್ನಡಿ ಕಾಯಕ ಅಂದರೆ ಕ್ಷೌರದ ಕೆಲಸವೇ. ಹಡಪದ ರೇಚಣ್ಣ ಅಂತ ಇನ್ನೊಬ್ಬ ಶರಣನೂ ಇದ್ದಾನೆ. ಎಲ್ಲರದೂ ಕೆಲಸ ಮುಂದೆ, ಹೆಸರು ಹಿಂದೆ. ದೊಡ್ಡವರಿಗೆ ಬಿರುದು ಇರುವ ಜಾಗದಲ್ಲಿ ಇವರಿಗೆ ಕಾಯಕ ಇದೆ.

ನಮ್ಮ ಮನೆಯಲ್ಲಿ ಇದು ತಿರುಗಿದ್ದು ಅಪ್ಪನ ಕಾಲದಲ್ಲಿ. ಅಜ್ಜನನ್ನು ಊರವರು ಹಡಪದ ಅಂತ ಮೊದಲು ಹೇಳಿ, ಆಮೇಲೆ ಹೆಸರು ಹೇಳಿ ಕರೆಯುತ್ತಿದ್ದರು. ಅಪ್ಪ ನಮ್ಮ ಮನೆಯಿಂದ ಶಾಲೆಗೆ ಹೋದ ಮೊದಲ ಹುಡುಗ. ಮಾಸ್ತರು ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರು ಬರೆದರು, ಅಜ್ಜನ ಹೆಸರು ಬರೆದರು, ಕೊನೆಗೆ ಹಡಪದ ಅಂತ ಬರೆದರು. ಮುಂದಿದ್ದ ಮಾತು ಹಿಂದಕ್ಕೆ ಬಂತು. ಅದಾದ ಮೇಲೆ ಅದು ಕೆಲಸದ ಹೆಸರಾಗಿ ಉಳಿಯಲಿಲ್ಲ, ಅಡ್ಡಹೆಸರಾಯಿತು. ಕೆಲಸ ಬಿಡಬಹುದು, ಅಡ್ಡಹೆಸರು ಬಿಡುವುದು ಹೇಗೆ? ಅಪ್ಪ ಕತ್ತಿ ಹಿಡಿಯಲೇ ಇಲ್ಲ. ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದರು. ಆದರೂ ಒಂದು ಊರಿಗೆ ವರ್ಗವಾಗಿ ಹೋದಾಗ ಯಾರೋ ಮನೆಗೆ ಬಂದು, "ಮಾಸ್ತರ, ಮದುವಿ ಐತ್ರಿ, ಉಗುರು ತೆಗಿಯಾಕ ಬರ್ತೀರೇನು?" ಅಂತ ಕೇಳಿದ್ದರು. ಅಪ್ಪ ಅವರನ್ನು ಕೂರಿಸಿ ಚಹಾ ಕೊಟ್ಟು ಕಳಿಸಿದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಇಲ್ಲಿ ನನಗೆ ಒಂದು ವಿಷಯ ನೋಯಿಸುತ್ತದೆ. ಕುಲಕರ್ಣಿ ಅನ್ನುವುದೂ ಕೆಲಸದ ಹೆಸರೇ, ಊರಿನ ಲೆಕ್ಕ ಬರೆಯುವವನು. ಪಾಟೀಲ ಅಂದರೆ ಊರಿನ ಮುಖ್ಯಸ್ಥ. ವಂಶದಿಂದ ಬರುವ ಆ ಹುದ್ದೆಗಳು ಕಾಯ್ದೆಯಿಂದಲೇ ಹೋದವು. ಮುಂಬೈ ರಾಜ್ಯದಲ್ಲಿ 1950ರಲ್ಲೇ ಕುಲಕರ್ಣಿ ವತನ ತೆಗೆದುಹಾಕಿದರು. ಉಳಿದದ್ದನ್ನು ನಮ್ಮ ರಾಜ್ಯದ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ತೆಗೆಯಿತು. ಹುದ್ದೆ ಹೋದ ಮೇಲೂ ಆ ಹೆಸರುಗಳ ಮರ್ಯಾದೆ ಹೋಗಲಿಲ್ಲ. ಕತ್ತಿ ಬಿಟ್ಟ ಮೇಲೂ ನಮ್ಮ ಹೆಸರಿನ ಭಾರ ಇಳಿಯಲಿಲ್ಲ. ಎರಡೂ ಕೆಲಸದ ಹೆಸರೇ. ಹಾಜರಿ ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಇರುತ್ತಿದ್ದವು.

ಬೆಂಗಳೂರಿಗೆ ಬಂದ ಮೇಲೆ ಬೇರೆಯದೇ ಅನುಭವ. ಇಲ್ಲಿ ನನ್ನ ಹೆಸರು ಯಾರಿಗೂ ಅರ್ಥ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಕೊನೆಯ ಅಕಾರ ಬಿದ್ದುಹೋಗಿ ಹಡಪದ್ ಆಗಿದೆ. ಆಧಾರ್‌ನಲ್ಲಿ ಒಂದು ಥರ, ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಇನ್ನೊಂದು ಥರ. ಮರಾಠಿಯವರಾ ಅಂತ ಕೇಳುತ್ತಾರೆ. ಹಡಪದ ಅನ್ನುವುದು ನಿಮ್ಮ ಊರಾ ಅಂತ ಕೇಳುತ್ತಾರೆ. ಮೊದಲ ವರ್ಷ ಅದರಿಂದ ಒಂದು ಹಗುರ ಅನಿಸಿತ್ತು, ಸುಳ್ಳು ಹೇಳಲ್ಲ. ಹೆಸರು ಕೇಳಿದ ತಕ್ಷಣ ಎದುರಿನವರ ಕಣ್ಣಲ್ಲಿ ಆಗುತ್ತಿದ್ದ ಆ ಸಣ್ಣ ಬದಲಾವಣೆ ಇಲ್ಲಿ ಇರಲಿಲ್ಲ. ಆಮೇಲೆ ಒಂದು ಬಾಡಿಗೆ ಮನೆಗೆ ಹೋದಾಗ ಮನೆಯವರು ಹೆಸರಿನ ಅರ್ಥ ಕೇಳಿದರು. ಎಲೆಯಡಿಕೆ ಚೀಲ ಅಂದೆ. ಅಂದರೆ ನೀವು ಯಾವ ಜನ ಅಂದರು. ಹೇಳಿದೆ. ನಾಳೆ ಫೋನ್ ಮಾಡ್ತೀವಿ ಅಂದರು. ಮಾಡಲಿಲ್ಲ.

ದಕ್ಷಿಣದ ಕಡೆ ಇದೇ ಕೆಲಸದವರು ಸವಿತಾ ಸಮಾಜದವರು. ಅವರಲ್ಲಿ ಎಷ್ಟೋ ಮನೆತನಗಳು ನಾದಸ್ವರ, ಡೋಲು ನುಡಿಸುವುದರಲ್ಲಿ ಹೆಸರಾದವು. ಅವರಿಗೆ ಹೆಸರಿನ ಕೊನೆಯಲ್ಲಿ ಕೆಲಸ ಅಂಟಿಲ್ಲ. ಮಲೆನಾಡಿನ ಕಡೆ ಕೆಲಸಿ ಅನ್ನುತ್ತಾರೆ. ಕರಾವಳಿಗೆ ಇಳಿದರೆ ಭಂಡಾರಿ. ನಾಯಿಂದ ಅನ್ನುವ ಮಾತೂ ಇದೆ. ನಮ್ಮ ಕಡೆಯೇ ಕೆಲವರು ನಾವಿ ಅಂತ ಬರೆದುಕೊಳ್ಳುತ್ತಾರೆ. ಭಂಡಾರಿ ಅನ್ನುವುದನ್ನು ಕೇಳಿದಾಗಲೆಲ್ಲ ನನಗೆ ಒಂದು ಖುಷಿ. ಬಸವಣ್ಣನ ಹುದ್ದೆಯ ಹೆಸರು ಕರಾವಳಿಯ ಕ್ಷೌರದವರಿಗೆ, ಅವನ ಪಕ್ಕದಲ್ಲಿ ನಿಂತವನ ಚೀಲದ ಹೆಸರು ಬಯಲುಸೀಮೆಯ ಕ್ಷೌರದವರಿಗೆ. ಹೀಗೆ ಆಗಲಿ ಅಂತ ಯಾರೂ ಕೂತು ಮಾಡಿದ್ದಲ್ಲ.

ಹಡಪದ ಅನ್ನುವ ಅಡ್ಡಹೆಸರು ಈಗ ಜಾಸ್ತಿ ಸಿಗುವುದು ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಕೊಪ್ಪಳ, ಗದಗ, ಬೆಳಗಾವಿ ಕಡೆ. ಅಲ್ಲಿಂದ ಅದು ಪುಣೆಗೆ, ಗೋವಾಕ್ಕೆ, ಬೆಂಗಳೂರಿಗೆ ದುಡಿಯಲು ಹೋದವರ ಜೊತೆ ಹೋಗಿದೆ. ಈ ಹೆಸರಿನವರಲ್ಲಿ ಮಾಸ್ತರರು, ಪೊಲೀಸರು, ನರ್ಸುಗಳು, ಎಂಜಿನಿಯರುಗಳು ಎಲ್ಲ ಇದ್ದಾರೆ. ಬಾದಾಮಿಯ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದ ಚಿತ್ರಕಲಾವಿದ ಆರ್. ಎಂ. ಹಡಪದ ಅವರ ಹೆಸರನ್ನು ಮೊದಲ ಸಲ ಒಂದು ಗ್ಯಾಲರಿಯಲ್ಲಿ ಓದಿದಾಗ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ನಮ್ಮ ಹೆಸರನ್ನು ಗೋಡೆಯ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ, ಅಷ್ಟು ಗೌರವದಿಂದ ಬರೆದದ್ದನ್ನು ಅದಕ್ಕೂ ಮೊದಲು ನೋಡಿರಲಿಲ್ಲ.

ಅಂಗಡಿಗಳ ಬೋರ್ಡಿನ ಮೇಲೆ ಈ ಹೆಸರು ಅಪರೂಪ. ನಮ್ಮ ಕಾಕಾ ತಾಲ್ಲೂಕು ಊರಿನಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದಾರೆ. ಎರಡು ಕುರ್ಚಿ, ಎದುರುಬದುರು ಕನ್ನಡಿ, ಮೂಲೆಯಲ್ಲಿ ಅಪ್ಪಣ್ಣನ ಫೋಟೋ. ಬೋರ್ಡಿನ ಮೇಲೆ ಮಗಳ ಹೆಸರಿದೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ ತಲಾ 5,000 ರೂಪಾಯಿ ಕೊಡುವುದಾಗಿ ಹೇಳಿತು. ಆಗ ಹೇಳಿದ ಲೆಕ್ಕ ಸುಮಾರು 2,30,000 ಜನ. ಕಾಕಾ ಅರ್ಜಿ ಹಾಕಲು ಹೋದರು. ಈ ಕೆಲಸ ಮಾಡುತ್ತೀರಿ ಅನ್ನುವುದಕ್ಕೆ ಪ್ರಮಾಣಪತ್ರ ತನ್ನಿ ಅಂದರಂತೆ. "ಹೆಸರಿನಾಗ ಐತಲ್ರಿ" ಅಂದರಂತೆ ಕಾಕಾ. ಹೆಸರು ಸಾಕ್ಷಿ ಆಗುವುದಿಲ್ಲ ಅಂದರಂತೆ. ಅಪ್ಪ ಮಾಸ್ತರರಾದರೂ ಜನ ಉಗುರು ತೆಗೆಯಲು ಕರೆದದ್ದು ಆ ಹೆಸರನ್ನೇ ನಂಬಿ. ಕಾಕಾನ ಮೂವತ್ತು ವರ್ಷದ ದುಡಿಮೆಗೆ ಮಾತ್ರ ಅದೇ ಹೆಸರು ಸಾಲದೇ ಹೋಯಿತು.

ಕಾಕಾನ ಮಗ ಬೇರೆ ಯೋಚನೆಯಲ್ಲಿದ್ದಾನೆ. ತನ್ನ ಕೂಸಿನ ಜನನ ಪತ್ರದಲ್ಲಿ ಅಡ್ಡಹೆಸರು ಹಾಕಿಸಿಲ್ಲ. ಊರಿನ ಹೆಸರು ಹಾಕಿಸಿದ್ದಾನೆ. ನನಗೆ ಮೊದಲು ಬೇಜಾರಾಯಿತು, ಫೋನಿನಲ್ಲಿ ಜಗಳವನ್ನೇ ಆಡಿದೆ. ಎರಡು ಚೀಲದ ಕಥೆ, ಅಪ್ಪಣ್ಣನ ಕಥೆ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ: "ಅಣ್ಣಾ, ನೀ ಹೇಳೂದು ಖರೇ ಐತಿ. ಆದ್ರ ನನ್ನ ಮಗಳ ಕ್ಲಾಸಿನ ಹುಡುಗರು ನಿಘಂಟು ಓದಿರಂಗಿಲ್ಲ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನದು ತಪ್ಪು ಅಂತ ಈಗ ನಾನು ಅನ್ನುವುದಿಲ್ಲ. ನಾನು ಇಟ್ಟುಕೊಂಡಿದ್ದೇನೆ, ನನ್ನ ಮಕ್ಕಳಿಗೂ ಇಟ್ಟಿದ್ದೇನೆ. ಅರ್ಥ ಕೇಳಿದವರಿಗೆ ಕೂತು ಹೇಳುತ್ತೇನೆ.

ಹೋದ ವರ್ಷ ಊರಿಗೆ ಹೋದಾಗ ಅಪ್ಪನನ್ನು ಕರೆದುಕೊಂಡು ತಂಗಡಗಿಗೆ ಹೋಗಿದ್ದೆ. ಮುದ್ದೇಬಿಹಾಳ ತಾಲ್ಲೂಕಿನ ಊರು, ಕೃಷ್ಣೆಯ ದಂಡೆ. ಕೂಡಲಸಂಗಮದಿಂದ ಬಸವಣ್ಣ ತನ್ನ ಹೆಂಡತಿ ನೀಲಮ್ಮನನ್ನು ಕರೆತರಲು ಅಪ್ಪಣ್ಣನನ್ನೇ ಕಳಿಸಿದ್ದನಂತೆ. ಅವರು ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಬಂತು. ನೀಲಮ್ಮನೂ ಅಲ್ಲೇ ಐಕ್ಯಳಾದಳು. ಹೊಳೆಯಲ್ಲಿ ಅವಳ ಮಂಟಪ ಇದೆ. ಅದೇ ಊರಿನಲ್ಲಿ ಅಪ್ಪಣ್ಣನ ಮಠವೂ ಇದೆ. ಕೊನೆಗಾಲದಲ್ಲಿ ಹೆಂಡತಿಯನ್ನು ಕರೆತರಲು ಯಾರನ್ನು ಕಳಿಸುತ್ತೇವೆ? ನಾನು ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದೆ.

ಮಠದಲ್ಲಿ ಪ್ರಸಾದಕ್ಕೆ ಕೂತಿದ್ದೆವು. ಅಕ್ಕಪಕ್ಕ ಕೂತವರೆಲ್ಲ ನಮ್ಮವರೇ. ಅಲ್ಲಿ ಅಡ್ಡಹೆಸರು ಯಾರೂ ಕೇಳುವುದಿಲ್ಲ, ಎಲ್ಲರದೂ ಒಂದೇ. ಎದುರಿಗೆ ಎಂಬತ್ತು ದಾಟಿದ ಒಬ್ಬ ಮುದುಕರು ಇದ್ದರು. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತಾ ಕೇಳಿದರು.

"ಯಾವೂರ ಹಡಪದರು?"

ಅಪ್ಪ ಊರಿನ ಹೆಸರು ಹೇಳಿದರು. ಮುದುಕರ ಕೈ ನಿಂತಿತು. ಅಪ್ಪನ ಮುಖ ನೋಡಿದರು. ಅಜ್ಜನ ಹೆಸರು ಹೇಳಿ, ಅವನ ಮಗನೇನು ಅಂತ ಕೇಳಿದರು. ಅಪ್ಪ ಹೌದು ಅಂದರು.

"ನನ್ನ ಮದುವ್ಯಾಗ ನಿಮ್ಮಪ್ಪನ ಬಂದಿದ್ದ," ಅಂದರು. ಎಡಗೈಯಿಂದ ತಮ್ಮ ದವಡೆಯನ್ನು ಮೆಲ್ಲಗೆ ಮುಟ್ಟಿಕೊಂಡರು. "ಕೈ ಭಾಳ ಹಗರ ಇತ್ತು ಅವಂದು. ಕತ್ತಿ ಇಟ್ಟದ್ದ ಗೊತ್ತಾಗಲಿಲ್ಲ."